ಎರಡನೆಯ ಸರದಿಯ ಪೈನ್: ದಕ್ಷಿಣ ಆಸ್ಟ್ರೇಲಿಯಾದ ಮರಳು ನೆಲದಲ್ಲಿ ಕಾಡುಗೊಬ್ಬರದ ಚರಿತ್ರೆ

ಹೊಲಕ್ಕೆ ಗೊಬ್ಬರ ಹಾಕುವ ರೂಢಿ ಬೇಸಾಯದಷ್ಟೇ ಹಳೆಯದಾದರೂ, ಕಾಡಿಗೆ ಗೊಬ್ಬರ ಹಾಕಬೇಕೆಂಬ ವಿಚಾರ ವ್ಯಾಪಕ ಆಚರಣೆಯಾಗಿ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ ಮಾತ್ರ. ಕಾಡು ತನ್ನ ಎಲೆಯನ್ನು ತಾನೇ ಉದುರಿಸಿ, ತಾನೇ ಕೊಳೆಸಿ, ತಾನೇ ಉಣ್ಣುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿ ಇದ್ದುದರಿಂದ, ಅದಕ್ಕೆ ಹೊರಗಿನಿಂದ ಏನನ್ನಾದರೂ ಕೊಡಬೇಕೆಂಬ ಪ್ರಶ್ನೆಯೇ ಬಹುಕಾಲ ಏಳಲಿಲ್ಲ. ಆ ಪ್ರಶ್ನೆ ಎದ್ದದ್ದು ಮರವನ್ನು ಬೆಳೆಯೆಂದು ಬಗೆದು, ನಾಟಾಕ್ಕಾಗಿ ಒಮ್ಮೆ ಪೂರ್ತಿಯಾಗಿ ಕಡಿದ ನೆಲದಲ್ಲಿ ಮತ್ತೆ ಅದೇ ಮರವನ್ನು ಎಬ್ಬಿಸಲು ಹೊರಟಾಗ. ಮೊದಲ ಬೆಳೆ ಕಟಾವಾದ ಮೇಲೆ ಏಳುವ ಎಳೆಯ ಕಾಡಿಗೆ ಗೊಬ್ಬರ ಕೊಟ್ಟರೆ ಏನಾಗುತ್ತದೆ, ಆ ಗೊಬ್ಬರ ಯಾರ ಪಾಲಾಗುತ್ತದೆ, ಕಳೆದುಹೋದುದನ್ನು ಅದು ನಿಜವಾಗಿಯೂ ತುಂಬಿಕೊಡುತ್ತದೆಯೇ ಎಂಬ ವಿಷಯಗಳು ಅತ್ಯಂತ ಸ್ಪಷ್ಟವಾಗಿ ಪರೀಕ್ಷೆಗೆ ಒಳಗಾದ ಪ್ರದೇಶಗಳಲ್ಲಿ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಆಗ್ನೇಯ ಮೂಲೆ, ಅಂದರೆ ಮೌಂಟ್ ಗ್ಯಾಂಬಿಯರ್ ಪಟ್ಟಣದ ಸುತ್ತಲಿನ ಪೈನ್ ಸೀಮೆ, ಮುಖ್ಯವಾದುದು.

ಈ ಪ್ರಶ್ನೆಯ ಬೇರು ಮಾತ್ರ ಯೂರೋಪಿನಲ್ಲಿದೆ. ಜರ್ಮನಿಯ ಹಳ್ಳಿಗರು ತಲೆಮಾರುಗಳಿಂದ ಕಾಡಿನ ನೆಲದ ಮೇಲೆ ಬಿದ್ದ ಎಲೆ, ಸೂಜಿ, ಹಾವಸೆಗಳನ್ನು ಬಾಚಿಕೊಂಡು ಹೋಗಿ ದನಗಳ ಕಾಲಡಿಗೆ ಹಾಸುತ್ತಿದ್ದರು. ಸಗಣಿ ಗಂಜಲಗಳೊಡನೆ ಕಲೆತ ಆ ಹಾಸು ಕೊನೆಗೆ ಹೊಲದ ಗೊಬ್ಬರವಾಗುತ್ತಿತ್ತು. ಬವೇರಿಯಾದ ವಿಜ್ಞಾನಿ ಎರ್ನ್ಸ್ಟ್ ಎಬರ್ಮಾಯರ್ ಈ ಉದುರೆಲೆಯನ್ನು ತೂಗಿ, ಅದರ ಬೂದಿಯನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಹೀಗೆ ಬಾಚುವುದರಿಂದ ಕಾಡು ಪ್ರತಿವರ್ಷ ಎಷ್ಟು ಸುಣ್ಣ, ಪೊಟ್ಯಾಷ್ ಮತ್ತು ರಂಜಕವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಮರದ ಪೋಷಕಾಂಶಗಳ ದೊಡ್ಡ ಪಾಲು ದಿಮ್ಮಿಯಲ್ಲಿ ಇರದೆ ಎಲೆ, ಎಳೆ ಟೊಂಗೆ ಮತ್ತು ತೊಗಟೆಗಳಲ್ಲಿ ಇರುತ್ತದೆ ಎಂಬ ಸತ್ಯಕ್ಕೆ ಇದರಿಂದ ಲೆಕ್ಕದ ಆಧಾರ ಒದಗಿತು. 1923ರಲ್ಲಿ ಐಲ್ಹಾರ್ಡ್ ವೀಡೆಮಾನ್ ಎಂಬ ಅರಣ್ಯಶಾಸ್ತ್ರಜ್ಞನು ಸ್ಯಾಕ್ಸನಿಯ ಸ್ಪ್ರೂಸ್ ತೋಪುಗಳಲ್ಲಿ ಬೆಳವಣಿಗೆ ಕುಂಠಿತವಾಗುತ್ತಿರುವುದನ್ನು ವರದಿ ಮಾಡಿದ ಮೇಲೆ, ಒಂದೇ ಜಾತಿಯ ಮರವನ್ನು ಒಂದೇ ನೆಲದಲ್ಲಿ ಮತ್ತೆ ಮತ್ತೆ ಬೆಳೆಸಿದರೆ ನೆಲ ಸೋಲುತ್ತದೆಯೇ ಎಂಬ ಆತಂಕ ಅರಣ್ಯಶಾಸ್ತ್ರದಲ್ಲಿ ಶಾಶ್ವತವಾಗಿ ನೆಲೆಗೊಂಡಿತು. ಆದರೆ ಜರ್ಮನಿಯಲ್ಲಿ ಉದುರೆಲೆ ಬಾಚುವಿಕೆ, ಬರಗಾಲ, ಕೀಟ ಮೊದಲಾದ ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿದ್ದುದರಿಂದ ಈ ಪ್ರಶ್ನೆಗೆ ಖಚಿತವಾದ ಉತ್ತರ ಅಲ್ಲಿ ಸಿಗಲಿಲ್ಲ.

ದಕ್ಷಿಣ ಆಸ್ಟ್ರೇಲಿಯಾ 1836ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ವಸಾಹತು. ಅದರ ಬಹುಭಾಗ ಒಣನೆಲವಾಗಿದ್ದು, ಮನೆ ಕಟ್ಟಲು ಬೇಕಾದ ಮೆದುಮರ, ಅಂದರೆ ಪೈನ್ ಜಾತಿಯ ಸುಲಭವಾಗಿ ಕೊಯ್ಯಬಹುದಾದ ಮರ, ಹಡಗಿನಲ್ಲಿ ದೂರದೇಶಗಳಿಂದ ಬರಬೇಕಾಗಿತ್ತು. ಇದ್ದ ಕಾಡೂ ಗೋದಿ ಬೆಳೆಗಾಗಿ ಸವರಿಹೋಗುತ್ತಿದ್ದುದನ್ನು ಕಂಡ ಶಾಸಕ ಫ್ರೀಡ್ರಿಷ್ ಕ್ರಿಚಾಫ್ 1870ರಲ್ಲಿ ಅರಣ್ಯದ ಪ್ರಶ್ನೆಯನ್ನು ಶಾಸನಸಭೆಯ ಮುಂದಿಟ್ಟನು. 1873ರಲ್ಲಿ ಮರ ನೆಡುವುದಕ್ಕೆ ಪ್ರೋತ್ಸಾಹ ಕೊಡುವ ಕಾಯಿದೆ ಬಂದಿತು. 1875ರಲ್ಲಿ ಅರಣ್ಯ ಮಂಡಳಿ ರಚನೆಯಾಗಿ, ಮರುವರ್ಷ ಬುಂಡಲೀರ್ ಎಂಬಲ್ಲಿ ಸಸಿ ಬೆಳೆಸುವ ಕೆಲಸ ಆರಂಭವಾಯಿತು. 1878ರಲ್ಲಿ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಬಂದ ಜಾನ್ ಎಡ್ನಿ ಬ್ರೌನ್ ಹಲವು ಪರದೇಶಿ ಮರಗಳನ್ನು ನೆಟ್ಟು ನೋಡಿದನು. ಅವುಗಳಲ್ಲಿ ಎಲ್ಲವನ್ನೂ ಹಿಂದೆ ಹಾಕಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಮಾಂಟೆರೆ ಮೊದಲಾದ ಕೆಲವೇ ಚಿಕ್ಕ ತಾಣಗಳಲ್ಲಿಯೂ ಮೆಕ್ಸಿಕೋದ ಎರಡು ದ್ವೀಪಗಳಲ್ಲಿಯೂ ಮಾತ್ರ ಸಹಜವಾಗಿ ಬೆಳೆಯುವ ರೇಡಿಯೇಟಾ ಪೈನ್. ತನ್ನ ತವರಿನಲ್ಲಿ ವ್ಯಾಪಾರದ ಮರವೆಂದು ಯಾರೂ ಲೆಕ್ಕಿಸದಿದ್ದ ಈ ಜಾತಿ, ಚಳಿಗಾಲದ ಮಳೆ ಮತ್ತು ಒಣಬೇಸಗೆಯಿರುವ ಮೌಂಟ್ ಗ್ಯಾಂಬಿಯರ್, ಪೆನೋಲಾ, ಮೌಂಟ್ ಬರ್ ಪ್ರದೇಶಗಳಲ್ಲಿ ಅಚ್ಚರಿಯ ವೇಗದಿಂದ ಬೆಳೆಯಿತು. ಮೊದಲ ಮಹಾಯುದ್ಧದ ನಂತರದ ದಶಕಗಳಲ್ಲಿ ನೆಡುತೋಪುಗಳು, ಎಂದರೆ ಸಾಲಾಗಿ ನೆಟ್ಟು ಒಟ್ಟಿಗೆ ಕಡಿಯುವ ತೋಪುಗಳು, ವೇಗವಾಗಿ ಹಬ್ಬಿದವು. 1931ರಲ್ಲಿ ಮೌಂಟ್ ಬರ್‌ನಲ್ಲಿ ಸರ್ಕಾರವೇ ಮರ ಕೊಯ್ಯುವ ಗಿರಣಿಯನ್ನು ತೆರೆಯಿತು.

ಮರ ಬೇಗ ಬೆಳೆದರೂ ನೆಲ ಶ್ರೀಮಂತವಾಗಿರಲಿಲ್ಲ. ಈ ಸೀಮೆಯ ಕೆಲವು ಕಡೆ ಹಳೆಯ ಜ್ವಾಲಾಮುಖಿಗಳ ಕಪ್ಪು ಮಣ್ಣು ಇದೆಯಾದರೂ, ಹೆಚ್ಚಿನ ಭಾಗ ಪುರಾತನ ಕಡಲತೀರಗಳು ಬಿಟ್ಟುಹೋದ ಮರಳುದಿಬ್ಬಗಳಿಂದ ಕೂಡಿದೆ. ಮಳೆನೀರು ಲಕ್ಷಾಂತರ ವರ್ಷ ತೊಳೆದ ಆ ಮರಳಿನಲ್ಲಿ ರಂಜಕ ಬಹಳ ಕಡಿಮೆ. ಸಾರಜನಕ ಇರುವುದೆಲ್ಲ ಮೇಲುಪದರದ ಕೊಳೆತ ಎಲೆಯಲ್ಲಿ. ಸತು, ತಾಮ್ರ, ಮ್ಯಾಂಗನೀಸಿನಂಥ ಸೂಕ್ಷ್ಮ ಪೋಷಕಾಂಶಗಳು, ಅಂದರೆ ಗಿಡಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದರೂ ಇಲ್ಲದಿದ್ದರೆ ನಡೆಯದಂಥ ಧಾತುಗಳು, ಎಷ್ಟೋ ಕಡೆ ಸಾಲದಷ್ಟೇ ಇವೆ. ಇದೇ ರಾಜ್ಯದ ಕರಾವಳಿ ಮರಳಿನಲ್ಲಿ ಮೇಯ್ದ ಕುರಿಗಳು ತಾಮ್ರ ಮತ್ತು ಕೋಬಾಲ್ಟ್‌ಗಳ ಕೊರತೆಯಿಂದ ಸೊರಗಿ ಸಾಯುತ್ತಿದ್ದುದನ್ನು ಹೆಡ್ಲಿ ಮಾರ್ಸ್ಟನ್ ಮತ್ತು ಸಂಗಡಿಗರು 1930ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ರೈತರಂತೂ ಅದಕ್ಕಿಂತ ಮೊದಲೇ ಸೂಪರ್ ಫಾಸ್ಫೇಟ್ ಬಳಕೆಗೆ ಒಗ್ಗಿಹೋಗಿದ್ದರು. ರಂಜಕದ ಕಲ್ಲನ್ನು ಗಂಧಕಾಮ್ಲದಲ್ಲಿ ನೆನೆಸಿ, ಗಿಡದ ಬೇರು ಹೀರಬಲ್ಲ ರೂಪಕ್ಕೆ ತಂದ ಈ ಗೊಬ್ಬರಕ್ಕೆ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಹಕ್ಕುಪತ್ರ ಪಡೆದಿದ್ದನು. ರೋಸ್‌ವರ್ದಿ ಕೃಷಿ ಕಾಲೇಜಿನ ಮೊದಲ ಪ್ರಾಧ್ಯಾಪಕ ಜಾನ್ ಕಸ್ಟನ್ಸ್ 1880ರ ದಶಕದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗೋದಿ ರೈತರಿಗೆ ಅದನ್ನು ಬೋಧಿಸಿದ್ದನು. ನೌರು ದ್ವೀಪದ ರಂಜಕದ ಕಲ್ಲು ಸಿಗತೊಡಗಿದ ಮೇಲೆ ಅದು ಅಗ್ಗವೂ ಆಯಿತು.

ಹೊಲದಿಂದ ಕಾಡಿಗೆ ಈ ಜ್ಞಾನ ದಾಟಿದ್ದು ಪಕ್ಕದ ಪಶ್ಚಿಮ ಆಸ್ಟ್ರೇಲಿಯಾದ ಸೋಲುಗಳ ಮೂಲಕ. ಅಲ್ಲಿ ಬಡ ಮರಳಿನಲ್ಲಿ ನೆಟ್ಟ ಪೈನ್ ಸಸಿಗಳು ಕೆಲವು ವರ್ಷ ಬೆಳೆದು, ಬಳಿಕ ತುದಿ ಒಣಗಿ, ಕುಡಿಯ ಬಳಿ ಗಿಡ್ಡ ಸೂಜಿಗಳ ಗೊಂಚಲನ್ನು ಬಿಟ್ಟುಕೊಂಡು ನಿಂತುಬಿಡುತ್ತಿದ್ದವು. ಒಣಗಿದ ತುದಿಯ ಪಕ್ಕದಿಂದ ಇನ್ನೊಂದು ಕುಡಿ ಮೇಲೇಳುವುದು, ಅದೂ ಒಣಗುವುದು, ಕೊನೆಗೆ ಮರವಾಗಬೇಕಾದದ್ದು ಪೊದೆಯಾಗಿ ಉಳಿಯುವುದು ಇದರ ರೀತಿ. ಎಸ್. ಎಲ್. ಕೆಸ್ಸೆಲ್ ಮತ್ತು ಟಿ. ಎನ್. ಸ್ಟೋಟ್ ಎಂಬ ಅರಣ್ಯಾಧಿಕಾರಿಗಳು 1930ರ ದಶಕದಲ್ಲಿ ಇದನ್ನು ಅಭ್ಯಾಸ ಮಾಡಿ, ಸೂಪರ್ ಫಾಸ್ಫೇಟ್ ಹಾಕಿದರೆ ಸಸಿಗಳು ಚೇತರಿಸುತ್ತವೆಂದೂ, ತುದಿ ಒಣಗುವ ರೋಗಕ್ಕೆ ಸತುವಿನ ಕೊರತೆ ಕಾರಣವಾಗಿದ್ದು ಜಿಂಕ್ ಸಲ್ಫೇಟ್ ದ್ರಾವಣವನ್ನು ಎಲೆಗೆ ಸಿಂಪಡಿಸಿದರೆ ಅದು ವಾಸಿಯಾಗುತ್ತದೆಂದೂ ನಿರೂಪಿಸಿದರು. ದಕ್ಷಿಣ ಆಸ್ಟ್ರೇಲಿಯಾದ ಮರಳುದಿಬ್ಬಗಳಲ್ಲಿಯೂ ಇದೇ ಲಕ್ಷಣ ಇದ್ದುದರಿಂದ ಅಲ್ಲಿಯೂ ಸತುವಿನ ಸಿಂಪಡಣೆ ನೆಡುತೋಪಿನ ಮಾಮೂಲಿ ಕೆಲಸಗಳಲ್ಲಿ ಒಂದಾಯಿತು. ಕಾಡುಗೊಬ್ಬರದ ಚರಿತ್ರೆಯ ಈ ಮೊದಲ ಘಟ್ಟ ಯಶಸ್ಸಿನದೇ ಆದರೂ, ಅದು ಒಂದು ಅಭ್ಯಾಸವನ್ನು ಬೆಳೆಸಿತೆಂಬುದನ್ನು ಗಮನಿಸಬೇಕು. ಗಿಡ ಸೊರಗಿದರೆ ಯಾವುದೋ ಒಂದು ಧಾತು ಕಡಿಮೆಯಾಗಿದೆ, ಆ ಧಾತುವನ್ನು ಕೊಟ್ಟರೆ ಸಮಸ್ಯೆ ಮುಗಿಯಿತು ಎಂಬ ರೋಗ ಮತ್ತು ಮದ್ದಿನ ದೃಷ್ಟಿ ಆ ಅಭ್ಯಾಸ. ಮೊದಲ ಸರದಿಯ ತೋಪಿಗೆ ಸರಿಹೊಂದಿದ ಆ ದೃಷ್ಟಿ ಎರಡನೆಯ ಸರದಿಯಲ್ಲಿ ಸಾಲದೆ ಹೋಯಿತು.

ಸರದಿ ಎಂದರೆ ನೆಟ್ಟ ದಿನದಿಂದ ಪೂರ್ತಿ ಕಟಾವಿನವರೆಗಿನ ಒಂದು ಅವಧಿ. ಈ ಸೀಮೆಯಲ್ಲಿ ಅದು ಸುಮಾರು ಮೂವತ್ತೈದರಿಂದ ನಲವತ್ತು ವರ್ಷ. ಮೊದಲ ಸರದಿಯ ಮರಗಳು ಕಡಿತಕ್ಕೆ ಬಂದಾಗ ದಿಮ್ಮಿಗಳನ್ನು ಗಿರಣಿಗೆ ಸಾಗಿಸಿ, ಉಳಿದ ತುದಿ, ಟೊಂಗೆ, ಸೂಜಿ, ಮುರಿದ ಕಾಂಡಗಳಿಗೆ ನೆಲದ ಮೇಲೆಯೇ ಬೆಂಕಿ ಕೊಡುವುದು ವಾಡಿಕೆಯಾಗಿತ್ತು. ಮುಂದಿನ ಸಸಿ ನೆಡಲು ಆಳುಗಳು ಓಡಾಡಬೇಕು, ಕಾಡ್ಗಿಚ್ಚಿಗೆ ಉರುವಲು ಉಳಿಯಬಾರದು, ಸಾಲು ನೇರವಾಗಿ ಬರಬೇಕು ಎಂಬ ಮೂರು ಕಾರಣಗಳೂ ಅದಕ್ಕಿದ್ದವು. ಸುಟ್ಟ ಜಾಗದಲ್ಲಿ ಬೂದಿಯ ಬಲದಿಂದ ಮೊದಲ ವರ್ಷ ಸಸಿಗಳು ಹಸುರಾಗಿ ಎದ್ದುದರಿಂದ ಈ ಪದ್ಧತಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಅನುಮಾನಕ್ಕೆ ಎಡೆಮಾಡಿಕೊಟ್ಟದ್ದು ಇಲಾಖೆಯ ದಾಖಲೆಗಳೇ. ದಕ್ಷಿಣ ಆಸ್ಟ್ರೇಲಿಯಾದ ಅರಣ್ಯ ಇಲಾಖೆ ಪ್ರತಿ ತೋಪಿಗೂ ಸುಮಾರು ಹತ್ತು ವರ್ಷ ವಯಸ್ಸಾದಾಗ ಅದರಲ್ಲಿ ಕೂಡಿದ ಮರದ ಗಾತ್ರವನ್ನು ಅಂದಾಜು ಮಾಡಿ, ನೆಲವನ್ನು ಒಂದರಿಂದ ಏಳರವರೆಗಿನ ದರ್ಜೆಗಳಾಗಿ ವಿಂಗಡಿಸಿ, ನಕ್ಷೆಯ ಮೇಲೆ ಗುರುತಿಸಿ ಇಡುತ್ತಿತ್ತು. ಒಂದನೆಯ ದರ್ಜೆ ಅತ್ಯುತ್ತಮ, ಏಳನೆಯದು ಅತಿ ಬಡವಾದುದು. ಎಷ್ಟು ನಾಟಾ ಯಾವಾಗ ಸಿಗುತ್ತದೆ ಎಂದು ಮುಂಗಾಣಲು ಮಾಡಿಟ್ಟ ಈ ನಕ್ಷೆಗಳು, ಅದೇ ನೆಲದಲ್ಲಿ ಎದ್ದ ಎರಡನೆಯ ಸರದಿಯ ತೋಪು ಹತ್ತು ವರ್ಷ ತಲುಪಿದಾಗ ಬೇರೆಯೇ ಒಂದು ಉಪಯೋಗಕ್ಕೆ ಬಂದವು. ಎ. ಕೀವ್ಸ್ ಎಂಬ ಅರಣ್ಯಾಧಿಕಾರಿ ಹಳೆಯ ನಕ್ಷೆಯ ಮೇಲೆ ಹೊಸ ಅಳತೆಯನ್ನು ಇಟ್ಟು ನೋಡಿ, ಪರಿಶೀಲಿಸಿದ ತಾಣಗಳಲ್ಲಿ ಹೆಚ್ಚಿನವುಗಳಲ್ಲಿ ಎರಡನೆಯ ಬೆಳೆ ಮೊದಲನೆಯದಕ್ಕಿಂತ ಹಿಂದುಳಿದಿದೆಯೆಂದೂ, ಒಟ್ಟಾರೆ ಇಳುವರಿಯಲ್ಲಿ ಸುಮಾರು ಕಾಲುಭಾಗದಷ್ಟು ಕುಸಿತವಿದೆಯೆಂದೂ 1966ರಲ್ಲಿ ಪ್ರಕಟಿಸಿದನು. ಒಂದೇ ನೆಲ, ಒಂದೇ ಜಾತಿ, ಒಂದೇ ಅಳತೆಗೋಲು ಇದ್ದುದರಿಂದ ಜರ್ಮನಿಯಲ್ಲಿ ಸಾಧ್ಯವಾಗದ ಹೋಲಿಕೆ ಇಲ್ಲಿ ಸಾಧ್ಯವಾಗಿತ್ತು. ಎರಡನೆಯ ಸರದಿಯ ಕುಸಿತ ಎಂಬ ಹೆಸರಿನಲ್ಲಿ ಈ ವರದಿ ಜಗತ್ತಿನ ಅರಣ್ಯ ವಲಯಗಳಲ್ಲೆಲ್ಲ ಚರ್ಚೆಗೆ ಬಂದಿತು. 1973ರಲ್ಲಿ ನ್ಯೂಜಿಲೆಂಡಿನ ನೆಲ್ಸನ್ ಪ್ರಾಂತದ ಜಲ್ಲಿನೆಲದಿಂದಲೂ ಇಂಥದೇ ವರದಿ ಬಂದ ಮೇಲೆ ಅದು ಒಂದು ರಾಜ್ಯದ ಸಮಸ್ಯೆಯಾಗಿ ಉಳಿಯಲಿಲ್ಲ.

ಕಾರಣಗಳ ಬಗ್ಗೆ ಮಾತ್ರ ಒಮ್ಮತವಿರಲಿಲ್ಲ. ಪೈನ್ ಮರವೇ ಮಣ್ಣನ್ನು ಕೆಡಿಸುತ್ತದೆ ಎಂದವರಿದ್ದರು. ಬರದ ವರ್ಷಗಳು ಎರಡನೆಯ ಬೆಳೆಯ ಪಾಲಿಗೆ ಹೆಚ್ಚು ಬಂದಿರಬಹುದು ಎಂದವರಿದ್ದರು. ದಿಮ್ಮಿಯ ಜೊತೆ ಪೋಷಕಾಂಶಗಳು ಸಾಗಿಹೋದದ್ದೇ ಕಾರಣವೆಂದವರೂ ಇದ್ದರು. ಕೊನೆಯ ವಾದ ಸರಿಯಾಗಿದ್ದರೆ ಪರಿಹಾರ ಸುಲಭವಾಗಿತ್ತು: ಹೋದಷ್ಟನ್ನು ಚೀಲದಲ್ಲಿ ತಂದು ಸುರಿದರೆ ಸಾಕಿತ್ತು. ಆದರೆ ಲೆಕ್ಕ ಹಾಕಿದಾಗ ದಿಮ್ಮಿಯೊಡನೆ ಹೋದುದಕ್ಕಿಂತ ಹೊಗೆಯೊಡನೆ ಹೋದುದೇ ಹೆಚ್ಚು ಹಾನಿಕರವೆಂದು ತಿಳಿದುಬಂತು. ಟೊಂಗೆ ಮತ್ತು ಸೂಜಿಗಳ ರಾಶಿ ಸುಟ್ಟಾಗ ಅದರಲ್ಲಿನ ರಂಜಕ, ಸುಣ್ಣ, ಪೊಟ್ಯಾಷ್‌ಗಳ ಬಹುಪಾಲು ಬೂದಿಯಾಗಿ ನೆಲದಲ್ಲಿ ಉಳಿದರೂ ಸಾರಜನಕವು ಅನಿಲವಾಗಿ ಗಾಳಿಗೆ ಸೇರಿಬಿಡುತ್ತದೆ. ಬೂದಿಯಲ್ಲಿ ಉಳಿದುದನ್ನೂ ಹಿಡಿದಿಡುವ ಶಕ್ತಿ ಮರಳಿಗಿಲ್ಲ. ನೆಲದ ಮೇಲಿನ ಹೊದಿಕೆ ಹೋದುದರಿಂದ ಬೇಸಗೆಯಲ್ಲಿ ಮಣ್ಣಿನ ತೇವ ಬೇಗ ಆರುತ್ತದೆ. ಇವೆಲ್ಲದರ ಮೇಲೆ, ಸುಟ್ಟು ತೆರೆದ ನೆಲದಲ್ಲಿ ಹುಲ್ಲು, ಬ್ರ್ಯಾಕನ್ ಜರಿಗಿಡ ಮೊದಲಾದ ಕಳೆಗಳು ಸಸಿಗಿಂತ ಮುಂಚೆ ಏಳುತ್ತವೆ.

ಈ ಕೊನೆಯ ಅಂಶ ಎಷ್ಟು ಮುಖ್ಯವೆಂಬುದನ್ನು ಅದೇ ಕಾಲದಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ನಡೆದ ಪ್ರಯೋಗಗಳು ಬೇರೊಂದು ದಿಕ್ಕಿನಿಂದ ಸ್ಪಷ್ಟಪಡಿಸಿದವು. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಹರ್ಬರ್ಟ್ ಬೋರ್ಮನ್, ಜೀನ್ ಲೈಕೆನ್ಸ್ ಮತ್ತು ಸಂಗಡಿಗರು 1965ರ ಕೊನೆಯಲ್ಲಿ ಸುಮಾರು 15.6 ಹೆಕ್ಟೇರಿನ ಒಂದು ಜಲಾನಯನವನ್ನು ಪೂರ್ತಿಯಾಗಿ ಕಡಿಸಿ, ಮರಗಳನ್ನು ಅಲ್ಲಿಯೇ ಬಿಟ್ಟು, ಮುಂದಿನ ಮೂರು ಬೇಸಗೆ ಕಳೆನಾಶಕ ಹೊಡೆದು ಏನೂ ಚಿಗುರದಂತೆ ನೋಡಿಕೊಂಡರು. ನೆಲದಲ್ಲಿ ಕೊಳೆತ ವಸ್ತುವಿನಿಂದ ಬಿಡುಗಡೆಯಾದ ಸಾರಜನಕ ನೈಟ್ರೇಟ್ ಎಂಬ ಕರಗುವ ಲವಣವಾಗಿ ತೊರೆಗೆ ಹರಿಯಿತು. ತೊರೆನೀರಿನಲ್ಲಿ ಅದರ ಪ್ರಮಾಣ ಹತ್ತಾರು ಪಟ್ಟು ಏರಿ, ಕುಡಿಯುವ ನೀರಿಗೆ ಗೊತ್ತುಪಡಿಸಿದ ಮಿತಿಯನ್ನೂ ದಾಟಿತು. ಕಡಿದ ಕಾಡು ಸಹಜವಾಗಿ ಚಿಗುರಲು ಬಿಟ್ಟ ಕಡೆಗಳಲ್ಲಿ ಹೀಗೆ ಆಗುವುದು ಕಡಿಮೆ, ಏಕೆಂದರೆ ಮಣ್ಣಿನಲ್ಲಿ ದಶಕಗಟ್ಟಲೆ ಹೂತಿದ್ದ ಪಿನ್ ಚೆರ್ರಿ ಎಂಬ ಅಲ್ಪಾಯುಷಿ ಮರದ ಬೀಜಗಳು ಬೆಳಕು ಬಿದ್ದೊಡನೆ ಮೊಳೆತು, ಬಿಡುಗಡೆಯಾದ ಪೋಷಕಾಂಶಗಳನ್ನು ಹೀರಿ ಹಿಡಿದಿಡುತ್ತವೆ. ಅದೇ ರಾಜ್ಯದ ಬಾರ್ಟ್ಲೆಟ್ ಪ್ರಯೋಗಾರಣ್ಯದಲ್ಲಿ ಕಟಾವಿನ ನಂತರ ಎದ್ದ ಎಳೆಯ ಕಾಡಿಗೆ ಸುಣ್ಣ ಮತ್ತು ಗೊಬ್ಬರ ಹಾಕಿ ನೋಡಿದ ಎಲ್. ಓ. ಸ್ಯಾಫರ್ಡ್ ಮತ್ತು ಎಸ್. ಎಂ. ಫಿಲಿಪ್, ನಾಲ್ಕು ವರ್ಷದ ಫಲಿತಾಂಶವನ್ನು 1974ರಲ್ಲಿ ಪ್ರಕಟಿಸಿದರು. ಗೊಬ್ಬರ ಬಿದ್ದ ಕಡೆ ಹಸುರಿನ ತೂಕ ಹೆಚ್ಚಾದದ್ದು ನಿಜ. ಆದರೆ ಆ ಹೆಚ್ಚಳವನ್ನು ಬಹುಮಟ್ಟಿಗೆ ಬಾಚಿಕೊಂಡದ್ದು ನಾಟಾಕ್ಕೆ ಒದಗುವ ಬರ್ಚ್, ಮೇಪಲ್‌ಗಳಲ್ಲ, ಪಿನ್ ಚೆರ್ರಿ. ಎಳೆಯ ಕಾಡಿಗೆ ಹಾಕಿದ ಗೊಬ್ಬರ ಮಾಲೀಕನ ಇಚ್ಛೆಯಂತೆ ಹಂಚಿಕೆಯಾಗದೆ, ಅಲ್ಲಿ ಯಾವುದರ ಬೇರು ಮೊದಲು ಹರಡಿದೆಯೋ ಅದರ ಪಾಲಾಗುತ್ತದೆ.

ಮೌಂಟ್ ಗ್ಯಾಂಬಿಯರ್ ಸೀಮೆಯಲ್ಲಿ ಪರಿಹಾರ ಈ ತತ್ತ್ವಕ್ಕೆ ಅನುಗುಣವಾಗಿ ಹಂತಹಂತವಾಗಿ ರೂಪುಗೊಂಡಿತು. ಮೊದಲ ಹಂತದಲ್ಲಿ ಆರ್. ವಿ. ವುಡ್ಸ್ ಮುಂತಾದವರು 1970ರ ದಶಕದಲ್ಲಿ ಬಡ ಮರಳಿನ ಮೇಲೆ ಕಳೆಯನ್ನು ಪೂರ್ತಿ ಅಡಗಿಸಿ, ಮೊದಲ ಕೆಲವು ವರ್ಷ ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಸೂಕ್ಷ್ಮ ಪೋಷಕಾಂಶಗಳೆಲ್ಲವನ್ನೂ ಕಂತುಕಂತಾಗಿ ಕೊಡುವ ಕ್ರಮವನ್ನು ರೂಪಿಸಿದರು. ಹೀಗೆ ನೋಡಿಕೊಂಡ ಎರಡನೆಯ ಸರದಿಯ ತೋಪು ಕುಸಿತವನ್ನು ತುಂಬಿಕೊಂಡದ್ದಲ್ಲದೆ ಕೆಲವು ಕಡೆ ಮೊದಲ ಸರದಿಯನ್ನೂ ಮೀರಿಸಿತು. ನೆಲ ಶಾಶ್ವತವಾಗಿ ಕೆಟ್ಟಿಲ್ಲವೆಂಬುದು ಇದರಿಂದ ಸಾಬೀತಾಯಿತು. ಆದರೆ ಕ್ರಮ ದುಬಾರಿಯಾಗಿತ್ತು, ಮತ್ತು ಫಲದ ಯಾವ ಭಾಗ ಗೊಬ್ಬರದ್ದು, ಯಾವ ಭಾಗ ಕಳೆ ತೆಗೆದದ್ದರದು ಎಂಬುದನ್ನು ಬಿಡಿಸಿ ಹೇಳುವಂತಿರಲಿಲ್ಲ.

ಅದನ್ನು ಬಿಡಿಸಿದ್ದು ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯಾದ ಸಿಎಸ್‌ಐಆರ್‌ಓ ಮೌಂಟ್ ಗ್ಯಾಂಬಿಯರ್‌ನಲ್ಲಿ ನಡೆಸಿದ ಸಂಶೋಧನೆ. ಅದರ ಮುಂದಾಳುಗಳಲ್ಲಿ ಒಬ್ಬರಾದ, ಭಾರತೀಯ ಮೂಲದ ಇ. ಕೆ. ಸದಾನಂದನ್ ನಂಬಿಯಾರ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಳೆಯ ನಡುವೆ ನಿಂತ ಎಳೆಯ ಪೈನ್ ಸಸಿಗೆ ಪೋಷಕಾಂಶದ ಕೊರತೆಯ ಜೊತೆಗೆ ನೀರಿನ ಕೊರತೆಯೂ ತೀವ್ರವಾಗಿ ಕಾಡುತ್ತದೆಂದು ತೋರಿಸಿದರು. ಒಣಬೇಸಗೆಯ ನಾಡಿನಲ್ಲಿ ಕಳೆಯ ಬುಡಕ್ಕೆ ಗೊಬ್ಬರ ಸಿಕ್ಕಿದರೆ ಕಳೆ ಇನ್ನಷ್ಟು ಹೆಚ್ಚಿ, ಮಣ್ಣಿನ ತೇವವನ್ನು ಇನ್ನಷ್ಟು ಬೇಗ ಹೀರಿ, ಗೊಬ್ಬರವೇ ಸಸಿಗೆ ಮಾರಕವಾಗುವ ಸಂಭವವಿತ್ತು. ಮುಂದೆ ನಂಬಿಯಾರ್ ಮತ್ತು ಪಿ. ಜೆ. ಸ್ಮೆದರ್ಸ್ಟ್ ಕಟಾವಾದ ತೋಪಿನ ಮಣ್ಣಿನಲ್ಲಿ ಸಾರಜನಕದ ಏರಿಳಿತವನ್ನು ಅನುಸರಿಸಿ ನೋಡಿ, 1990ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ಇನ್ನೊಂದು ಸೂಕ್ಷ್ಮವನ್ನು ತೆರೆದಿಟ್ಟರು. ಮರ ಹೋದ ಮೊದಲ ಒಂದೆರಡು ವರ್ಷ ಕೊಳೆಯುವ ಬೇರು, ಎಲೆಗಳಿಂದ ಬಿಡುಗಡೆಯಾಗುವ ಸಾರಜನಕವೇ ಚಿಕ್ಕ ಸಸಿಗಳು ಹೀರಬಲ್ಲದ್ದಕ್ಕಿಂತ ಹೆಚ್ಚಾಗಿರುತ್ತದೆ. ಆ ಹೊತ್ತಿನಲ್ಲಿ ಮೇಲೆ ಹಾಕಿದ ಗೊಬ್ಬರದ ಬಹುಪಾಲು ಮರಳಿನ ಮೂಲಕ ಕೆಳಗಿಳಿದು ಹೋಗುತ್ತದೆ. ಸಸಿಗಳ ಕೊಂಬೆಗಳು ಒಂದನ್ನೊಂದು ಮುಟ್ಟುವ ಹಂತಕ್ಕೆ ಬರುವಾಗ ಬೇಡಿಕೆ ಏರುತ್ತದೆ, ಅದೇ ಹೊತ್ತಿಗೆ ಮಣ್ಣಿನ ಪೂರೈಕೆ ಇಳಿಯುತ್ತದೆ. ಗೊಬ್ಬರಕ್ಕೆ ನಿಜವಾದ ಬೆಲೆ ಬರುವುದು ಆಗ, ಅಥವಾ ತೋಪನ್ನು ತೆಳುಗೊಳಿಸಿ, ಅಂದರೆ ನಡುನಡುವಿನ ಮರಗಳನ್ನು ತೆಗೆದು, ಉಳಿದವುಗಳಿಗೆ ಜಾಗ ಮಾಡಿಕೊಟ್ಟ ಮೇಲೆ.

ಎರಡನೆಯ ಹಂತದ ಪರಿಹಾರ ಬೆಂಕಿಯನ್ನು ಕೈಬಿಡುವುದು. ಗಡಿಯಾಚೆಯ ವಿಕ್ಟೋರಿಯಾ ರಾಜ್ಯದ ರೆನಿಕ್ ಎಂಬಲ್ಲಿ, ಇಂಥದೇ ಮರಳುನೆಲದಲ್ಲಿ, ಸ್ಕ್ವಯರ್, ಫ್ಯಾರೆಲ್, ಫ್ಲಿನ್ ಮೊದಲಾದ ಸಂಶೋಧಕರು ಕಟಾವಿನ ಕಸವನ್ನು ಸುಡದೆ ನೆಲದ ಮೇಲೆಯೇ ಉಳಿಸಿ, ಕಳೆಯನ್ನು ಹತೋಟಿಯಲ್ಲಿಟ್ಟು, ಎರಡನೆಯ ಸರದಿಯ ಸಸಿಗಳನ್ನು ಬೆಳೆಸಿದರು. 1985ರಲ್ಲಿ ಪ್ರಕಟವಾದ ಐದು ವರ್ಷದ ಅಳತೆಯ ಪ್ರಕಾರ ಆ ಸಸಿಗಳು ಮೊದಲ ಸರದಿಯ ಸಸಿಗಳಿಗೆ ಸರಿಸಮವಾಗಿ, ಅಥವಾ ಅವುಗಳನ್ನು ಮೀರಿ ಬೆಳೆದಿದ್ದವು. ಕಸ ಉಳಿಸುವುದು ಹೇಳಿದಷ್ಟು ಸುಲಭವಾದ ಕೆಲಸವಲ್ಲ. ಮನುಷ್ಯನ ಸೊಂಟದೆತ್ತರಕ್ಕೆ ಬಿದ್ದ ಟೊಂಗೆಗಳ ನಡುವೆ ಸಸಿ ನೆಡಲು ಸಾಧ್ಯವಿಲ್ಲದ್ದರಿಂದ, ಸುತ್ತಲೂ ಉಕ್ಕಿನ ಅಲಗುಗಳನ್ನು ಬೆಸೆದ ಭಾರವಾದ ಉರುಳೆಯೊಂದನ್ನು ಟ್ರ್ಯಾಕ್ಟರಿನ ಹಿಂದೆ ಎಳೆದು, ಟೊಂಗೆಗಳನ್ನು ತುಂಡರಿಸಿ ನೆಲಕ್ಕೆ ಒತ್ತುವ ವಿಧಾನ ಬಳಕೆಗೆ ಬಂದಿತು. ಅಲಗು ಹಾದುಹೋದಲ್ಲಿ ಟೊಂಗೆ ಗೇಣುದ್ದದ ಚೂರುಗಳಾಗಿ ಮಣ್ಣಿಗೆ ತಾಗಿಕೊಳ್ಳುತ್ತದೆ, ತೇವ ಮುಟ್ಟಿದ ಭಾಗ ಬೇಗ ಕೊಳೆಯತೊಡಗುತ್ತದೆ, ಸಾಲಿನ ನಡುವೆ ಸಸಿಗಾರರು ಕಾಲಿಡಲು ಎಡೆಯಾಗುತ್ತದೆ. ಈ ಹೊದಿಕೆಯ ಕೆಲಸ ಬಹುಮುಖವಾದುದು: ಅದು ಸಾರಜನಕವನ್ನು ನಿಧಾನವಾಗಿ ಬಿಡುತ್ತದೆ, ಬೇಸಗೆಯಲ್ಲಿ ಮಣ್ಣಿನ ತೇವವನ್ನು ಕಾಯುತ್ತದೆ, ಕಳೆಯ ಬೀಜಕ್ಕೆ ಬೆಳಕು ತಾಗದಂತೆ ತಡೆಯುತ್ತದೆ. ಚೀಲದ ಗೊಬ್ಬರ ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಮಾಡಬಲ್ಲದು, ಅದೂ ಅವಸರದಲ್ಲಿ. ನೀರು ಮತ್ತು ಪೋಷಕಾಂಶಗಳು ಒಂದಕ್ಕೊಂದು ಪೂರಕವೆಂಬುದನ್ನು ಕ್ಯಾನ್‌ಬೆರಾ ಬಳಿಯ ಪಿಯರ್ಸಸ್ ಕ್ರೀಕ್ ತೋಪಿನಲ್ಲಿ 1983ರಲ್ಲಿ ಆರಂಭವಾದ ಪ್ರಯೋಗವೂ ದೃಢಪಡಿಸಿತು. ಅಲ್ಲಿ ನೀರು ಮತ್ತು ಗೊಬ್ಬರ ಎರಡನ್ನೂ ಪಡೆದ ಮರಗಳು, ಒಂದನ್ನಷ್ಟೇ ಪಡೆದವುಗಳಿಗಿಂತ ಬಹಳ ಮುಂದೆ ಸಾಗಿದವು.

ಕಸ ಉಳಿಸುವುದರಲ್ಲಿ ಬೆಂಕಿಯ ಅಪಾಯವೂ ಇತ್ತು. 1983ರ ಫೆಬ್ರವರಿ 16ರಂದು, ಆಸ್ಟ್ರೇಲಿಯನ್ನರು ಆಷ್ ವೆಡ್ನೆಸ್‌ಡೇ ಎಂದು ನೆನೆಯುವ ದಿನ, ಎದ್ದ ಕಾಡ್ಗಿಚ್ಚು ಈ ಸೀಮೆಯ ಸಾವಿರಾರು ಹೆಕ್ಟೇರು ಪೈನ್ ತೋಪನ್ನು ಸುಟ್ಟುಹಾಕಿತು. ಗಿರಣಿಗಳು ಒಮ್ಮೆಗೇ ಕೊಯ್ಯಲಾರದಷ್ಟು ಮರ ಬಿದ್ದುದರಿಂದ ದಿಮ್ಮಿಗಳನ್ನು ಬಾನಿ ಸರೋವರದ ನೀರಿನಲ್ಲಿ ಮುಳುಗಿಸಿಟ್ಟು ವರ್ಷಗಟ್ಟಲೆ ಕಾಪಾಡಬೇಕಾಯಿತು. ಕಟಾವಿನ ಕಸವನ್ನು ನೆಲದಲ್ಲಿ ಬಿಡುವುದೆಂದರೆ ಉರುವಲನ್ನೂ ಬಿಟ್ಟಂತೆ ಎಂಬ ಹಳೆಯ ಭಯಕ್ಕೆ ಆಧಾರವಿಲ್ಲದಿರಲಿಲ್ಲ ಎಂಬುದನ್ನು ಈ ದುರಂತದ ಹಿನ್ನೆಲೆಯಲ್ಲಿ ಒಪ್ಪಿಕೊಳ್ಳಬೇಕು. ಆದರೂ ಮರುನೆಡುವಿಕೆಯಲ್ಲಿ ಸುಡುವ ಪದ್ಧತಿ ಕ್ರಮೇಣ ಹಿಂದೆ ಸರಿದು, ಉಳಿಸಿ ಒತ್ತುವ ಪದ್ಧತಿ ಮುಂದೆ ಬಂದಿತು.

ಗೊಬ್ಬರದ ಪರಿಣಾಮಗಳೆಲ್ಲ ಅಪೇಕ್ಷಿತವಾದವುಗಳೇ ಆಗಿರಲಿಲ್ಲ. ಸಾರಜನಕ ಹೇರಳವಾದ ಕಡೆ ವೇಗವಾಗಿ ಎದ್ದ ಪೈನ್‌ಗೆ ತಾಮ್ರ ಸಾಲದೆ ಹೋದರೆ ಕಾಂಡದ ಕಟ್ಟಿಗೆ ಸರಿಯಾಗಿ ಗಟ್ಟಿಯಾಗದೆ, ಮರ ತನ್ನ ಭಾರಕ್ಕೇ ಬಾಗಿ ಸೊಟ್ಟಗಾಗುತ್ತದೆ. ಒಂದು ಕೊರತೆಯನ್ನು ತುಂಬುವಾಗ ಇನ್ನೊಂದು ಬಯಲಿಗೆ ಬರುವ ಈ ಕ್ರಮ ಬಡಮಣ್ಣಿನ ಸ್ವಭಾವ. ಎಳೆಯದರಲ್ಲಿ ಅತಿಯಾಗಿ ಪೋಷಿಸಿದ ಮರದ ಟೊಂಗೆಗಳು ದಪ್ಪನಾಗಿ, ಹಲಗೆಯಲ್ಲಿ ಗಂಟುಗಳು ದೊಡ್ಡವಾಗುತ್ತವೆ. ಗಾತ್ರದ ಲೆಕ್ಕದಲ್ಲಿ ಬಂದ ಲಾಭ ಗಿರಣಿಯಲ್ಲಿ ಸ್ವಲ್ಪ ಕರಗುತ್ತದೆ. ಇನ್ನು ನೀರಿನ ವಿಷಯ. ಮೌಂಟ್ ಗ್ಯಾಂಬಿಯರ್ ಪಟ್ಟಣದ ಕುಡಿಯುವ ನೀರು ಬರುವುದು ಆರಿದ ಜ್ವಾಲಾಮುಖಿಯ ಕುಳಿಯಲ್ಲಿರುವ, ಸುಣ್ಣಕಲ್ಲಿನ ಅಂತರ್ಜಲದಿಂದ ತುಂಬುವ ನೀಲಿ ಸರೋವರದಿಂದ. ಮೇಲಿನ ನೆಲದಲ್ಲಿ ಕರಗುವ ಗೊಬ್ಬರವಾಗಲಿ ಕಳೆನಾಶಕವಾಗಲಿ ಮರಳು ಮತ್ತು ಸುಣ್ಣಕಲ್ಲನ್ನು ದಾಟಿ ಇದೇ ಅಂತರ್ಜಲವನ್ನು ಮುಟ್ಟಬಹುದಾದ್ದರಿಂದ, ತೋಪಿನ ಪೋಷಣೆ ಕೇವಲ ಮರದ ಲೆಕ್ಕವಾಗಿ ಉಳಿಯುವಂತಿಲ್ಲ. ದಟ್ಟವಾಗಿ ಬೆಳೆದ ತೋಪು ಹೀರುವ ನೀರೂ ಲೆಕ್ಕಕ್ಕೆ ಬಂದು, ರಾಜ್ಯ ಸರ್ಕಾರ 2011ರಲ್ಲಿ ಕಾಯಿದೆ ತಂದು, 2013ರ ನೀರುಹಂಚಿಕೆ ಯೋಜನೆಯಲ್ಲಿ ವಾಣಿಜ್ಯ ತೋಪುಗಳನ್ನೂ ನೀರಿನ ಬಳಕೆದಾರರೆಂದು ಸೇರಿಸಿತು.

ಈ ಚರಿತ್ರೆಗೆ ಭಾರತದೊಡನೆ ಇರುವ ನಂಟು ವ್ಯಕ್ತಿಗಳ ಮೂಲಕ ಮಾತ್ರ ಬಂದದ್ದಲ್ಲ. 1840ರ ದಶಕದಲ್ಲಿ ಮಲಬಾರಿನ ನಿಲಂಬೂರಿನಲ್ಲಿ ಅಂದಿನ ಕಲೆಕ್ಟರ್ ಕನಾಲಿ ಮತ್ತು ಅರಣ್ಯಾಧಿಕಾರಿ ಚಾತು ಮೆನನ್ ಆರಂಭಿಸಿದ ತೇಗದ ನೆಡುತೋಪುಗಳು ಬೆಳೆದ ಮೇಲೆ, ಬರಿಯ ತೇಗವನ್ನೇ ಬೆಳೆಸಿದರೆ ನೆಲ ಬಡವಾಗುತ್ತದೆಯೇ ಎಂಬ ಚರ್ಚೆ ಇಲ್ಲಿಯೂ ನಡೆದು, ಲಾರಿ ಮತ್ತು ಗ್ರಿಫಿತ್ ಎಂಬ ಅಧಿಕಾರಿಗಳು 1942ರಲ್ಲಿ ಅದರ ಬಗ್ಗೆ ವಿಸ್ತಾರವಾದ ವರದಿಯನ್ನೇ ಬರೆದರು. 1995ರಲ್ಲಿ ಅಂತರರಾಷ್ಟ್ರೀಯ ಅರಣ್ಯ ಸಂಶೋಧನಾ ಕೇಂದ್ರದ ಆಶ್ರಯದಲ್ಲಿ, ನಂಬಿಯಾರ್ ಅವರ ಮುಂದಾಳುತನದಲ್ಲಿ, ಮೌಂಟ್ ಗ್ಯಾಂಬಿಯರ್‌ನ ಪಾಠವನ್ನು ಉಷ್ಣವಲಯದ ತೋಪುಗಳಲ್ಲಿ ಪರೀಕ್ಷಿಸುವ ಪ್ರಯೋಗಜಾಲ ಆರಂಭವಾದಾಗ ಕೇರಳದ ನೀಲಗಿರಿ ತೋಪುಗಳೂ ಅದರಲ್ಲಿ ಸೇರಿದವು. ಫಲಿತಾಂಶ ಎಲ್ಲ ಕಡೆ ಒಂದೇ ಆಗಿರಲಿಲ್ಲ: ಕಾಂಗೋ ದೇಶದ ಬಡ ಮರಳಿನಲ್ಲಿ ಕಸವನ್ನು ತೆಗೆದುಹಾಕಿದಾಗ ಮುಂದಿನ ಬೆಳೆ ಗಣನೀಯವಾಗಿ ಕುಸಿಯಿತು, ಫಲವತ್ತಾದ ಮಣ್ಣುಗಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ನೆಲ ಎಷ್ಟು ಬಡವಾಗಿದೆಯೋ ಅದರ ಮೇಲೆ ಬಿದ್ದ ಎಲೆಗೆ ಅಷ್ಟು ಬೆಲೆ ಎಂಬುದು ಅದರ ಸಾರ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದು ಅಪರಿಚಿತವಾದ ವಿಚಾರವಲ್ಲ. ಉತ್ತರ ಕನ್ನಡ, ಶಿವಮೊಗ್ಗ ಸೀಮೆಗಳಲ್ಲಿ ತೋಟಕ್ಕೆಂದೇ ಬಿಟ್ಟ ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪು ಮತ್ತು ದರಕು, ಅಂದರೆ ಉದುರಿದ ಒಣ ಎಲೆ, ಕೊಟ್ಟಿಗೆಗೆ ಬಂದು, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ ಇಳಿಯುವ ವ್ಯವಸ್ಥೆ ಎಬರ್ಮಾಯರ್ ತೂಗಿ ನೋಡಿದ ಜರ್ಮನಿಯ ವ್ಯವಸ್ಥೆಯದೇ ರೂಪ. ತೋಟ ಕೊಬ್ಬಿದಷ್ಟೂ ಬೆಟ್ಟ ಕೊಡುವುದು ಹೆಚ್ಚುತ್ತದೆ. ಬೆಟ್ಟಕ್ಕೆ ಮರಳಿ ಕೊಡುವ ಪದ್ಧತಿ ಇಲ್ಲದಿದ್ದರೆ ಬೋಳಾಗುವುದು ಬೆಟ್ಟವೇ. ಹಾಗೆಯೇ, ಪಶ್ಚಿಮ ಘಟ್ಟಗಳಲ್ಲಿ ಹಿಂದೆ ಇದ್ದ ಕುಮರಿ ಬೇಸಾಯದಲ್ಲಿ ಕಾಡನ್ನು ಕಡಿದು ಸುಟ್ಟ ಬೂದಿಯ ಮೇಲೆ ಒಂದೆರಡು ವರ್ಷ ರಾಗಿ ಬೆಳೆದು, ಬಳಿಕ ಹಲವು ವರ್ಷ ಆ ನೆಲವನ್ನು ಕಾಡಿಗೇ ಬಿಡುತ್ತಿದ್ದರು. ಬೂದಿಯ ಬಲ ಎಷ್ಟು ದಿನದ್ದೆಂಬುದನ್ನು ಕುಮರಿಗರು ಬಲ್ಲವರಾಗಿದ್ದರು. ದಕ್ಷಿಣ ಆಸ್ಟ್ರೇಲಿಯಾದ ತೋಪಿನವರು ಅದನ್ನು ಅರಿಯಲು ಒಂದು ಸರದಿ ಬೇಕಾಯಿತು.

2012ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ ಈ ಸೀಮೆಯ ತನ್ನ ತೋಪುಗಳ ಮರ ಕಡಿಯುವ ಹಕ್ಕನ್ನು 67 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಒನ್‌ಫಾರ್ಟಿಒನ್ ಪ್ಲಾಂಟೇಷನ್ಸ್ ಎಂಬ ಕಂಪನಿಗೆ ಮಾರಿತು. ಒಪ್ಪಂದದ ಅವಧಿ ಗರಿಷ್ಠ 105 ವರ್ಷ, ಅಂದರೆ ಇನ್ನೂ ಮೂರು ಸರದಿ. 1966ರ ವರದಿಯ ಕಾಲದಲ್ಲಿ ಎರಡನೆಯ ಸರದಿಯೇ ಸಂಶಯದಲ್ಲಿದ್ದ ನೆಲದ ಮೇಲೆ ಮೂರು ಸರದಿಗಳಿಗೆ ಮುಂಗಡವಾಗಿ ಬೆಲೆ ಕಟ್ಟುವಷ್ಟು ನಂಬಿಕೆ ಬಂದದ್ದು ಗೊಬ್ಬರದ ಚೀಲದ ಬಲದಿಂದ ಮಾತ್ರವಲ್ಲ. ಸತುವಿನ ಸಿಂಪಡಣೆ ಮತ್ತು ಸೂಪರ್ ಫಾಸ್ಫೇಟ್ ಆ ನೆಲದ ಹುಟ್ಟುಕೊರತೆಯನ್ನು ನೀಗಿದವು. ಆದರೆ ಕಟಾವಿನಿಂದಾದ ಹಾನಿಯನ್ನು ತಡೆದದ್ದು ಕಸವನ್ನು ಸುಡದೆ ಬಿಟ್ಟದ್ದು, ಕಳೆಯನ್ನು ಹತೋಟಿಯಲ್ಲಿಟ್ಟದ್ದು, ಗೊಬ್ಬರವನ್ನು ಸಸಿ ಹೀರಬಲ್ಲ ಹೊತ್ತಿಗೆ ಕೊಟ್ಟದ್ದು. ಎಳೆಯ ಕಾಡಿಗೆ ಗೊಬ್ಬರ ಉಪಯುಕ್ತವೇ ಹೊರತು, ಕಡಿಯುವವನು ನೆಲದ ಮೇಲೆ ಬಿಟ್ಟುಹೋಗಬೇಕಾದುದಕ್ಕೆ ಅದು ಬದಲಿಯಲ್ಲ ಎಂಬುದೇ ಈ ಚರಿತ್ರೆಯಿಂದ ಹೊರಡುವ ತೀರ್ಮಾನ.